ಕಮ್ಮಿ ಮಾಡಿಸಿದ ರೇಟು

ನಮ್ಮ ಸೋದರತ್ತೆಯ ರಕ್ತದಲ್ಲಿ ಎರಡು ಪದಾರ್ಥಗಳು ಮಿತಿ ಮೀರಿವೆ. ಒಂದು ಕೊಬ್ಬು, ಇನ್ನೊಂದು ಡಿಸ್ಕೌಂಟು. ಮೊದಲನೆಯದಕ್ಕೆ ದಿನಕ್ಕೊಂದು ಮಾತ್ರೆ ಇದೆ. ಊಟವಾದ ಮೇಲೆ ನುಂಗಿದರೆ ಹತೋಟಿಗೆ ಬರುತ್ತದೆ. ಎರಡನೆಯದಕ್ಕೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ತಾಲ್ಲೂಕು ಜಾಲಾಡಿದರೂ ಮದ್ದು ಸಿಗುವುದಿಲ್ಲ. ಹಾಗೆ ಜಾಲಾಡಿದವನು ನಾನಲ್ಲ, ಅವಳೇ! ಅದೂ ಮೊದಲನೆಯದರ ಮಾತ್ರೆಗೆ ಎರಡನೆಯದನ್ನು ಹುಡುಕಿಕೊಂಡು.

ಅತ್ತೆ ಎಂದರೆ ನಮ್ಮಪ್ಪನ ಒಬ್ಬಳೇ ತಂಗಿ. ಬಿಳಿಕೆರೆಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ನಾನು ಹುಣಸೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಅಪ್ಪ ಐವತ್ತೆರಡನೆಯ ವಯಸ್ಸಿಗೇ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಅವತ್ತಿನಿಂದ ನನ್ನನ್ನು ಬೈಯುವ, ಹೊಟ್ಟೆ ತುಂಬಿದ ಮೇಲೂ ಇನ್ನೊಂದು ಮುದ್ದೆ ಇಡುವ, ಕೂದಲು ಬೆಳೆದಿದೆ ಕತ್ತರಿಸಿಕೋ ಎನ್ನುವ ಸಕಲ ಅಧಿಕಾರವನ್ನೂ ಅತ್ತೆ ಯಾರ ಸಹಿಯೂ ಇಲ್ಲದೆ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದಾಳೆ. ನನಗೀಗ ಐವತ್ತೊಂದು. ತಲೆಯಲ್ಲಿ ಕತ್ತರಿಸಲು ಹೆಚ್ಚೇನೂ ಉಳಿದಿಲ್ಲ. ಆದರೂ ಹೇಳುವುದನ್ನು ಅವಳು ಬಿಟ್ಟಿಲ್ಲ.

ಅವಳ ಕೊಬ್ಬು ಪತ್ತೆಯಾದದ್ದು ಬಿಳಿಕೆರೆ ಸ್ಕೂಲಿನಲ್ಲಿ ನಡೆದ ಪುಕ್ಕಟೆ ಆರೋಗ್ಯ ತಪಾಸಣೆಯಲ್ಲಿ. ಚೀಟಿ ಹಿಡಿದುಕೊಂಡು ನನ್ನನ್ನೂ ಎಳೆದುಕೊಂಡು ಹುಣಸೂರಿನ ಡಾಕ್ಟರ ಮುಂದೆ ಕೂತಳು. ಡಾಕ್ಟರು ಚೀಟಿ ನೋಡಿ, "ಕೊಲೆಸ್ಟ್ರಾಲ್ ಇನ್ನೂರ ಅರವತ್ತು ಇದೆಯಲ್ಲಮ್ಮ" ಎಂದರು.

ಅತ್ತೆ ಸೆರಗು ಸರಿಮಾಡಿಕೊಂಡು, "ಜಾಸ್ತಿ ಆಯ್ತು ಬುಡಿ ಸಾ. ಇನ್ನೂರಕ್ಕೆ ಮುಗ್ಸಿ" ಎಂದಳು.

"ಇದು ರೇಟಲ್ಲಮ್ಮ, ನಿಮ್ಮ ರಕ್ತದಲ್ಲಿರೋ ಕೊಬ್ಬು."

"ಗೊತ್ತು ಕಣ್ ಬುಡಿ. ಆದ್ರೂ ನಿಮ್ಗೂ ಬ್ಯಾಡ, ನಮ್ಗೂ ಬ್ಯಾಡ, ಇನ್ನೂರ ಇಪ್ಪತ್ತು ಅಂತ ಬರ್ಕೊಳಿ."

ಡಾಕ್ಟರು ಒಳ್ಳೆಯ ಮನುಷ್ಯರು. ನಗು ತಡೆದುಕೊಂಡು, ಮಾತ್ರೆ ಬರೆದುಕೊಡುತ್ತೇನೆ, ಒಂದು ದಿನವೂ ತಪ್ಪಿಸಬಾರದು, ಜೀವನಪೂರ್ತಿ ತಗೋಬೇಕು ಎಂದು ವಿವರಿಸಿದರು. ಜೀವನಪೂರ್ತಿ ಎಂಬ ಮಾತು ಕೇಳಿದರೆ ಬೇರೆಯವರ ಮುಖ ಸಪ್ಪಗಾಗುತ್ತದೆ. ಅತ್ತೆಯ ಕಣ್ಣು ಹೊಳೆಯಿತು!

"ಜೀವನ್‌ಪೂರ್ತಿ ಗಿರಾಕಿ ಅಂದ್ಮೇಲೆ ಕಂಪ್ನಿಯೋರು ಎಷ್ಟು ಬುಟ್‌ಕೊಡ್ತಾರೆ ಸಾ?"

ಡಾಕ್ಟರು ನನ್ನ ಮುಖ ನೋಡಿದರು. ನಾನು ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದೆ.

ಇಷ್ಟಕ್ಕೂ ಆ ಮಾತ್ರೆ ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿ ಸಿಗುತ್ತದೆಯಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಬಿಳಿಕೆರೆಯ ಸರ್ಕಾರಿ ಆಸ್ಪತ್ರೆ ಅವಳ ಮನೆಯಿಂದ ಕೂಗಳತೆ ದೂರ. ಅಲ್ಲಿನ ನರ್ಸಮ್ಮ ಕರೆದು ಕರೆದು ಕೊಡುತ್ತಾರೆ. ಅತ್ತೆ ಆ ಕಡೆ ತಲೆ ಹಾಕುವುದಿಲ್ಲ. "ಪುಕ್ಸಟ್ಟೆ ಕೊಡೋದ್ರಲ್ಲಿ ಡಿಸ್ಕೌಂಟು ಎಲ್ಲದ್ಲಾ? ಸೊನ್ನೇಲಿ ಎಷ್ಟು ಕಳ್ದಾರು?" ಎನ್ನುತ್ತಾಳೆ. ಅದೂ ಲೆಕ್ಕದ ಮೇಷ್ಟ್ರಾದ ನನಗೆ! ಸರಿ, ಸರ್ಕಾರದ್ದೇ ಅಗ್ಗದ ಔಷಧಿ ಅಂಗಡಿ ಇದೆಯಲ್ಲ, ಅಲ್ಲಿಗೆ ಕರೆದುಕೊಂಡು ಹೋದೆ. ಹೊರಗೆ ಕೊಡುವ ಹಣದಲ್ಲಿ ಕಾಲು ಭಾಗ ಕೊಟ್ಟರೆ ಅದೇ ಮಾತ್ರೆ. ಅತ್ತೆ ಕೌಂಟರಿನ ಮೇಲೆ ಮೊಣಕೈ ಊರಿ, "ಇದ್ರಲ್ಲಿ ಎಷ್ಟು ಕಮ್ಮಿ ಮಾಡೀರಿ?" ಎಂದಳು. ಇದೇ ಕಡಿಮೆ ರೇಟಮ್ಮ, ಇನ್ನು ಕಡಿಮೆ ಮಾಡಲು ಬರುವುದಿಲ್ಲ ಎಂದು ಅಲ್ಲಿದ್ದ ಹುಡುಗಿ ನಯವಾಗಿ ಹೇಳಿತು. ಅತ್ತೆ ಅಷ್ಟೇ ನಯವಾಗಿ ಚೀಟಿ ಮಡಚಿಕೊಂಡು ಹೊರಗೆ ಬಂದಳು.

"ಯಾಕತ್ತೆ? ಇದಕ್ಕಿಂತ ಕಡಿಮೆಗೆ ಇನ್ನೆಲ್ಲಿ ಸಿಗುತ್ತೆ?"

"ಕಮ್ಮಿ ರೇಟು ಬ್ಯಾರೆ, ಕಮ್ಮಿ ಮಾಡ್ಸಿದ್ ರೇಟು ಬ್ಯಾರೆ ಕಣ್ಲಾ. ಮೇಷ್ಟ್ರಾಗಿ ಅಷ್ಟೂ ಗೊತ್ತಿಲ್ವ ನಿಂಗೆ?"

ಅವಳ ಸಿದ್ಧಾಂತ ಇಷ್ಟೆ: ಹೇಳಿದ ರೇಟಿಗೆ ತಂದ ಮಾತ್ರೆ ಮೈಗೆ ಹತ್ತುವುದಿಲ್ಲ. ವೈದ್ಯಶಾಸ್ತ್ರ ಇದನ್ನಿನ್ನೂ ಒಪ್ಪಿಲ್ಲ. ಆದರೆ ಅತ್ತೆಯ ಮುಂದೆ ಕೂತು ವಾದ ಮಾಡುವ ಧೈರ್ಯ ವೈದ್ಯಶಾಸ್ತ್ರಕ್ಕೂ ಇರಲಾರದು.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ಹಿಡಿಯುವವರೇ ಇಲ್ಲದಂತಾಯಿತು. ಮೊದಲು ಹುಣಸೂರಿಗಷ್ಟೇ ಸೀಮಿತವಾಗಿದ್ದ ದಂಡಯಾತ್ರೆ ಈಗ ದಿಕ್ಕು ದಿಕ್ಕಿಗೂ ಹರಡಿತು. ಕೆ.ಆರ್. ನಗರದ ಒಂದು ಅಂಗಡಿಯಲ್ಲಿ ಹತ್ತು ಪರ್ಸೆಂಟು ಬಿಡುತ್ತಾರೆ. ಅಲ್ಲಿನ ಬಿಲ್ಲನ್ನು ಜೋಪಾನವಾಗಿ ತಂದು ಪಿರಿಯಾಪಟ್ಟಣದಲ್ಲಿ ತೋರಿಸಿದರೆ ಅಲ್ಲಿಯ ಅಂಗಡಿಯವನು ಹನ್ನೆರಡಕ್ಕೆ ಒಪ್ಪುತ್ತಾನೆ. ಪಿರಿಯಾಪಟ್ಟಣದ ಬಿಲ್ಲು ಹಿಡಿದು ಎಚ್.ಡಿ. ಕೋಟೆಯ ದಾರಿ ಹಿಡಿದು ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಇಳಿದರೆ, ಅಲ್ಲಿ ಹೊಸದಾಗಿ ಅಂಗಡಿ ತೆಗೆದವನು ಹದಿನೈದಕ್ಕೆ ಬರುತ್ತಾನೆ, ಜೊತೆಗೊಂದು ಬಟ್ಟೆ ಚೀಲ. ಹೀಗೆ ಒಂದು ಶೀಟು ಮಾತ್ರೆಗೆ ಮೂರು ತಾಲ್ಲೂಕು! ಕಂಡಕ್ಟರುಗಳಿಗೆಲ್ಲ ಅವಳ ಪರಿಚಯ. "ಏನವ್ವ, ಇವತ್ತು ಎಷ್ಟು ಪರ್ಸೆಂಟಿನ ಕಡೆ ಪಯಣ?" ಎಂದು ಕೇಳಿ ಸೊನ್ನೆ ರೂಪಾಯಿಯ ಟಿಕೆಟು ಹರಿದುಕೊಡುತ್ತಾರೆ. ಆ ಸೊನ್ನೆಯ ಟಿಕೆಟುಗಳನ್ನೂ ಅವಳು ಎಸೆಯುವುದಿಲ್ಲ, ದೇವರ ಗೂಡಿನಲ್ಲಿ ಇಟ್ಟಿದ್ದಾಳೆ.

ಇದರಲ್ಲಿ ಒಂದೇ ಒಂದು ತೊಡಕು. ದಿನವಿಡೀ ಬಸ್ಸಿನಲ್ಲಿ ಓಡಾಡಿದವಳಿಗೆ ಹೊಟ್ಟೆ ಹಸಿಯದೆ ಇರುತ್ತದೆಯೇ? ಡಿಸ್ಕೌಂಟು ಸಿಕ್ಕಿದರೆ ಆ ಖುಷಿಗೆ ಎರಡು ಬೋಂಡ, ಸಿಗದಿದ್ದರೆ ಆ ಬೇಜಾರಿಗೆ ಎರಡು ಬೋಂಡ. ಮಾತ್ರೆ ಒಳಗಿನ ಕೊಬ್ಬನ್ನು ಒಂದು ಕಡೆಯಿಂದ ಗುಡಿಸುತ್ತಿದ್ದರೆ, ಅದೇ ಮಾತ್ರೆ ತರಲು ಹೋದ ಅತ್ತೆ ಇನ್ನೊಂದು ಕಡೆಯಿಂದ ಸುರಿಯುತ್ತಿದ್ದಳು. ಇದನ್ನು ಹೇಳಿದ್ದಕ್ಕೆ, "ಬೋಂಡಕ್ಕೂ ನಾನೇನ್ ಪೂರ್ತಿ ಕಾಸು ಕೊಟ್ಟಿಲ್ಲ ಕಣ್ಲಾ, ಚಟ್ನಿ ಎಲ್ಡು ಸತಿ ಆಕುಸ್ಕೊಂಡಿವ್ನಿ" ಎಂದಳು.

ಆಮೇಲೆ ಬಂತು ನೋಡಿ ಕಂಪನಿಯವರ ರೋಗಿ ಸಹಾಯ ಯೋಜನೆ. ಮೂರು ಶೀಟು ಕೊಂಡರೆ ನಾಲ್ಕನೆಯದು ಪುಕ್ಕಟೆ, ಅದಕ್ಕೊಂದು ಕಾರ್ಡು. ತಿಂಗಳಿಗೊಮ್ಮೆ ಎಲ್ಲಿಂದಲೋ ಒಬ್ಬಳು ಹುಡುಗಿ ಫೋನು ಮಾಡಿ, ಮಾತ್ರೆ ತಪ್ಪದೆ ತಗೊಳ್ತಿದ್ದೀರಾ ಎಂದು ವಿಚಾರಿಸಬೇಕು, ಇವರು ಹೌದು ಅನ್ನಬೇಕು. ಎರಡು ನಿಮಿಷದ ಕೆಲಸ. ಅತ್ತೆಯ ಜೊತೆ ಅದು ಮುಕ್ಕಾಲು ಗಂಟೆ ನಡೆಯುತ್ತಿತ್ತು. ಆ ಹುಡುಗಿಯ ಊರು, ಊಟ, ಅವರಮ್ಮನ ಮಂಡಿನೋವು, ಬಂದ ಗಂಡುಗಳು, ಬೇಡವೆಂದ ಗಂಡುಗಳು, ಎಲ್ಲ ಇವಳಿಗೆ ಬಾಯಿಪಾಠ. ಒಂದು ದಿನ ನಾನು ಎದುರಿಗೇ ಇದ್ದೆ.

"ಅಲ್ಲ ಕಣವ್ವ, ಮೂರು ತಗೊಂಡ್ರೆ ನಾಕ್ನೇದು ಪುಕ್ಸಟ್ಟೆ ಅಂತೀಯ. ನಂಗೆ ಆ ಮೂರು ಬ್ಯಾಡ, ಬರೀ ನಾಕ್ನೇದು ಕೊಟ್‌ಬುಡಕ್ ಆಗಲ್ವಾ?"

ಆ ಕಡೆಯಿಂದ, "ಮೇಲಿನವರನ್ನ ಕೇಳಿ ಹೇಳ್ತೀನಿ ಮೇಡಂ" ಎಂಬ ಸಣ್ಣ ದನಿ ಬಂತು. ಮೇಲಿನವರು ಇನ್ನೂ ಯೋಚನೆ ಮಾಡುತ್ತಿದ್ದಾರೆ. ಅತ್ತೆಯೂ ಕಾಯುತ್ತಿದ್ದಾಳೆ.

ಇಂಥ ಅತ್ತೆ ಸೋತದ್ದು ಒಬ್ಬನೇ ಒಬ್ಬನ ಮುಂದೆ. ಹುಣಸೂರಿನಲ್ಲಿ ನಮ್ಮ ಬೀದಿಯ ಮೂಲೆಯಲ್ಲೇ ಪುಟ್ಟರಾಜು ಅನ್ನುವವನ ಮೆಡಿಕಲ್ ಸ್ಟೋರಿದೆ. ಕೌಂಟರಿನ ಮೇಲೆ ದೊಡ್ಡ ಅಕ್ಷರದ ಬೋರ್ಡು: 'ದಯವಿಟ್ಟು ರಿಯಾಯಿತಿ ಕೇಳಬೇಡಿ.' ಅತ್ತೆ ಬೋರ್ಡನ್ನು ಓದಿ, "ನೀವೂ ದಯವಿಟ್ಟು ಅಂತ ಕೇಳ್ಕತಾ ಇದ್ದೀರಿ, ನಾನೂ ದಯವಿಟ್ಟು ಅಂತ ಕೇಳ್ಕತಾ ಇವ್ನಿ. ಇಬ್ರದೂ ಬ್ಯಾಡ, ಐದು ಪರ್ಸೆಂಟು ಮಾಡಿ" ಎಂದಳಂತೆ. ಪುಟ್ಟರಾಜು ಒದ್ದೆ ಬಟ್ಟೆ ತಗೊಂಡು ಬೋರ್ಡು ಒರೆಸಿ, ಇನ್ನೂ ಚೆನ್ನಾಗಿ ಕಾಣುವಂತೆ ಅವಳ ಕಡೆ ತಿರುಗಿಸಿಟ್ಟನಂತೆ. ಅತ್ತೆ ಮೆಟ್ಟಿಲಿಳಿದು ಬೀದಿಯಲ್ಲಿ ನಿಂತು ಶಪಥ ಮಾಡಿದಳು: "ಇನ್ನೊಂದು ಸತಿ ಈ ಅಂಗ್ಡಿ ಮೆಟ್ಲು ಅತ್ತುದ್ರೆ ಕೇಳು!" ಅವತ್ತಿನಿಂದ ನಮ್ಮ ಮನೆಗೆ ಬರುವಾಗಲೂ ಆ ಮೂಲೆ ಬಿಟ್ಟು, ಹಿಂದಿನ ಬೀದಿ ಸುತ್ತಿಕೊಂಡು ಬರುತ್ತಾಳೆ.

ಹಾಗೆಂದು ಅತ್ತೆ ಎಲ್ಲದಕ್ಕೂ ಚೌಕಾಸಿ ಮಾಡುತ್ತಾಳೆ ಎಂದರೆ ಅನ್ಯಾಯವಾದೀತು. ದೇವರ ದೀಪದ ಎಣ್ಣೆಗೆ ಮಾಡುವುದಿಲ್ಲ. ತಾಳಿಗೆ ಮಾಡುವುದಿಲ್ಲ. ನನ್ನ ಮದುವೆಗೆ ತಾಳಿ ಕೊಳ್ಳಲು ಹೋದಾಗ, ಕಾಲುಂಗುರಕ್ಕೆ ಒಂದು ಗಂಟೆ ಗುದ್ದಾಡಿ ಅಂಗಡಿಯವನ ಬೆವರಿಳಿಸಿದವಳು, ತಾಳಿ ಮುಂದಿಟ್ಟ ತಕ್ಷಣ ಬಾಯಿಗೆ ಬೀಗ ಹಾಕಿಕೊಂಡಳು. ಅವನು ಹೇಳಿದಷ್ಟು ಎಣಿಸಿ ಕೊಟ್ಟಳು. ಅಭ್ಯಾಸಬಲದಿಂದ ನಾನೇ, "ಸ್ವಲ್ಪ ನೋಡಿ ಹಾಕ್ಕೊಳಿ" ಎಂದುಬಿಟ್ಟೆ. ತೊಡೆ ಚಿವುಟಿದಳು! "ಆಯಸ್ಸಿನ್ ಪದಾರ್ಥ ಕಣ್ಲಾ ಅದು. ಅದ್ರಲ್ಲಿ ಕಮ್ಮಿ ಮಾಡುಸ್ದೋರ್ಗೆ ಆಯಸ್ಸಲ್ಲೇ ಕಮ್ಮಿ ಆಯ್ತದೆ" ಎಂದಳು. ನಾನು ನಕ್ಕಿದ್ದೆ. ಚಿವುಟಿದ ಗುರುತು ಆರತಕ್ಷತೆಯವರೆಗೂ ಇತ್ತು.

ಇರಲಿ, ಕಥೆ ನನ್ನ ಕೊರಳಿಗೆ ಸುತ್ತಿಕೊಂಡದ್ದನ್ನು ಹೇಳುತ್ತೇನೆ. ಕೆ.ಆರ್. ನಗರದ ಒಂದು ಲ್ಯಾಬಿನಲ್ಲಿ 'ಜೋಡಿ ರಕ್ತಪರೀಕ್ಷೆ' ಎಂಬ ಆಫರು ಬಂತು. ಇಬ್ಬರು ಒಟ್ಟಿಗೆ ಹೋದರೆ ಎರಡನೆಯವರಿಗೆ ಅರ್ಧ ರೇಟು. ಅತ್ತೆಗೆ ಆ ಅರ್ಧ ಬೇಕಿತ್ತು, ಅದಕ್ಕೊಬ್ಬ ಎರಡನೆಯವನು ಬೇಕಿತ್ತು. ಭಾನುವಾರ ಬೆಳಿಗ್ಗೆ ಕಾಫಿಯನ್ನೂ ಕುಡಿಯಬಾರದೆಂದು ಅಪ್ಪಣೆ ಮಾಡಿ ನನ್ನನ್ನು ಎಬ್ಬಿಸಿಕೊಂಡು ಹೋದಳು. ಲ್ಯಾಬಿನ ಹುಡುಗಿ ನಮ್ಮಿಬ್ಬರನ್ನೂ ನೋಡಿ, "ಇದು ಗಂಡ ಹೆಂಡತಿಗೆ ಅಮ್ಮ" ಎಂದಳು.

"ನನ್ ಗಂಡ ಸತ್ತು ಅನ್ನೊಂದು ವರ್ಸ ಆಯ್ತು ಕಣವ್ವ. ಎಲ್ಲಿಂದ ಕರ್ಕ ಬರ್ಲಿ? ಇವ್ನು ನಮ್ಮಣ್ಣನ ಮಗ. ಗಂಡ ಸತ್ತೋರ್ಗೆ ಅಣ್ಣನ್ ಮಗ ನಡೀತದೆ ಅಂತ ಬರ್ಕೊ."

ಹುಡುಗಿ ಬರೆದುಕೊಂಡಳು. ಮಧ್ಯಾಹ್ನ ಫಲಿತಾಂಶ ಬಂತು. ಅತ್ತೆ ನೂರ ಎಂಬತ್ತೈದು, ಬೋಂಡಗಳೆಲ್ಲ ಸೇರಿ! ನಾನು ಇನ್ನೂರ ಎಪ್ಪತ್ತೆಂಟು. "ನೋಡತ್ತೆ, ಮೊದಲ ಸಲ ನಿನಗಿಂತ ಜಾಸ್ತಿ ಮಾರ್ಕ್ಸು ತಗೊಂಡಿದ್ದೀನಿ" ಎಂದೆ. ಅವಳು ನಗಲಿಲ್ಲ. "ನಿಂಗೀಗ ಐವತ್ತೊಂದಾ?" ಎಂದು ಕೇಳಿದಳು. ಹೌದು ಎಂದೆ. ಬಸ್ ಸ್ಟ್ಯಾಂಡಿನಲ್ಲಿ ಬೋಂಡದ ಅಂಗಡಿ ಮುಂದೆಯೇ ಹಾದು ಹೋದರೂ ಆ ಕಡೆ ತಿರುಗಲಿಲ್ಲ. ಬಿಳಿಕೆರೆ ಬರುವತನಕ ಒಂದು ಮಾತೂ ಇಲ್ಲ. ಬೆಳಿಗ್ಗೆಯಿಂದ ಹಸಿದಿದ್ದಾಳೆ, ಅದಕ್ಕೇ ಇರಬೇಕು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಕಿವಿಗೆ ಹಿತವಾಗಿತ್ತು.

ಡಾಕ್ಟರು ನನಗೂ ಅದೇ ಮಾತ್ರೆ ಬರೆದರು, ಅದೇ ಜೀವನಪೂರ್ತಿ ಎಂಬ ಮಾತನ್ನೂ ಹೇಳಿದರು. ನಾನು ಚೀಟಿಯನ್ನು ಮನೆಗೆ ತಂದು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ. ಪರೀಕ್ಷೆಯ ಪೇಪರು ತಿದ್ದುವುದು ಮುಗಿಯಲಿ, ಒಂದನೇ ತಾರೀಖು ಬರಲಿ, ನಾಳೆಯಿಂದ ವಾಕಿಂಗ್ ಶುರುಮಾಡುತ್ತೇನೆ, ಅದರಿಂದಲೇ ಇಳಿಯುತ್ತದೆ ಎಂದು ದಿನ ತಳ್ಳಿದೆ. ಐವತ್ತೊಂದಕ್ಕೇ ಜೀವನಪೂರ್ತಿಯ ಮಾತ್ರೆಗೆ ಕೈಯೊಡ್ಡಲು ನನಗೆ ಹೆದರಿಕೆಯಾಗಿತ್ತು, ಅದನ್ನು ಹೇಳಿಕೊಳ್ಳಲು ನಾಚಿಕೆಯೂ ಆಗಿತ್ತು. ಅತ್ತೆ ದಿನಾ ಸಂಜೆ ಫೋನು ಮಾಡಿ, "ತಗೊಂಡ್ಯೇನ್ಲಾ?" ಎಂದು ಕೇಳುವಳು. ಮೂರು ವಾರ ಕಳೆಯಿತು. ಒಂದು ಸಂಜೆ ನಾನು ದೊಡ್ಡ ಜಾಣನ ಹಾಗೆ ಹೇಳಿದೆ.

"ಒಳ್ಳೆ ಡಿಸ್ಕೌಂಟು ಬರಲಿ ಅಂತ ಕಾಯ್ತಾ ಇದ್ದೀನತ್ತೆ. ಪೂರ್ತಿ ರೇಟಿನ ಮಾತ್ರೆ ಮೈಗೆ ಹತ್ತಲ್ಲ ಅಂತ ನೀನೇ ಹೇಳ್ತೀಯಲ್ಲ? ಆಮೇಲೆ ತಗೊಂಡ್ರಾಯ್ತು ಬಿಡು."

ಆ ಕಡೆಯಿಂದ ಬೈಗುಳ ಬರಬೇಕಿತ್ತು. ಬರಲಿಲ್ಲ. ಫೋನು ಇಟ್ಟುಬಿಟ್ಟಳು. ಅತ್ತೆಯ ಬಾಯಿ ಅತ್ತೆಯ ಮಾತಿನಿಂದಲೇ ಮುಚ್ಚಿಸಿದೆನೆಂದು ಹೆಂಡತಿಯ ಮುಂದೆ ಬೀಗಿದೆ. ಹೆಂಡತಿಯೂ ನಗಲಿಲ್ಲ. ಆ ವಾರ ಈ ಹೆಂಗಸರಿಗೆಲ್ಲ ಏನಾಗಿತ್ತೋ!

ಎರಡು ದಿನ ಬಿಟ್ಟು ಶನಿವಾರ. ಶಾಲೆಯಲ್ಲೇ ಕೂತು ಪೇಪರು ತಿದ್ದಿ ಸಂಜೆ ಮನೆಗೆ ಬಂದರೆ ಅತ್ತೆ ನಡುಮನೆಯಲ್ಲಿ ಕಾಲು ಚಾಚಿಕೊಂಡು ಕೂತಿದ್ದಳು. ಪಕ್ಕದಲ್ಲಿ ಒಂದು ಕಾಗದದ ಕವರು.

"ಬಾರ್ಲಾ ಇಲ್ಲಿ. ಅರ್ಧಕ್ಕರ್ಧ ಡಿಸ್ಕೌಂಟು ಕಣೋ! ಭೇರ್ಯದಲ್ಲಿ ಒಸಾ ಮೆಡಿಕಲ್ಲು ಆಗದೆ. ಮೂರು ತಿಂಗ್ಳಿಗೆ ಆಗೋವಷ್ಟು ತಂದಿವ್ನಿ. ನಿನ್ ಚೀಟಿ ಬೆಳಿಗ್ಗೇನೇ ನಿನ್ನೆಡ್ತಿ ಕೈಲಿ ಈಸ್ಕೊಂಡೋಗಿದ್ದೆ."

"ಭೇರ್ಯಕ್ಕೆ ಹೋಗಿದ್ಯಾ? ಕೆ.ಆರ್. ನಗರ ದಾಟಿಕೊಂಡು? ಈ ಬಿಸಿಲಲ್ಲಿ?"

"ಬಸ್ಸೇನ್ ನಿಮ್ಮಪ್ಪಂದಾ? ಪುಕ್ಸಟ್ಟೆ ಬತ್ತದೆ, ಓಗ್ತೀನಿ. ಈಗ ಇನ್ನೇನ್ ನೆಪ ಏಳೀಯ, ಏಳು. ನುಂಗು."

ಊಟವಾದ ಮೇಲೆ ನುಂಗಬೇಕು ಅತ್ತೆ ಎಂದೆ. ತಪ್ಪು ಮಾಡಿದೆ. ನನ್ನ ಹೆಂಡತಿಯನ್ನು ಕರೆದು ಸಂಜೆ ಐದು ಗಂಟೆಗೇ ನನಗೆ ರಾತ್ರಿಯೂಟ ಹಾಕಿಸಿದಳು. ಮುದ್ದೆ ಮುಗಿಸಿದೆ. ಮಾತ್ರೆ ನುಂಗಿದೆ. "ಬಾಯ್ ತಗಿ" ಎಂದು, ನಾಲಿಗೆ ಎತ್ತಿಸಿ, ಅಡಿಯಲ್ಲೆಲ್ಲ ನೋಡಿ ಖಾತ್ರಿ ಮಾಡಿಕೊಂಡು, ಆರು ಗಂಟೆಯ ಬಸ್ಸಿಗೆ ಹೊರಟುಹೋದಳು. ಪಾಠ ಹೇಳುವ ಬಾಯಿಗೆ ಎಂಥ ಗತಿ ಬಂತು ನೋಡಿ!

ಅವಳು ಹೋದ ಮೇಲೆ ಮಾತ್ರೆಗಳನ್ನು ಎತ್ತಿಡಲೆಂದು ಕವರು ಬಗ್ಗಿಸಿದೆ. ಶೀಟುಗಳ ಜೊತೆ ಸಣ್ಣಗೆ ಮಡಚಿದ ಒಂದು ಬಿಲ್ಲು ಬಿತ್ತು. ತೆಗೆಯಲು ಮರೆತಿದ್ದಾಳೆ. ಭೇರ್ಯದ ಅಂಗಡಿಯದಲ್ಲ ಅದು. ನಮ್ಮ ಬೀದಿ ಮೂಲೆಯ ಪುಟ್ಟರಾಜುವಿನ ಬಿಲ್ಲು. ಅವತ್ತಿನದೇ ತಾರೀಖು. ಮೂರು ತಿಂಗಳ ಮಾತ್ರೆ, ಪೂರ್ತಿ ರೇಟು. ರಿಯಾಯಿತಿ ಎನ್ನುವ ಕಡೆ ದುಂಡಗೆ ಒಂದು ಸೊನ್ನೆ.

ಮಾರನೆಯ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಅಂಗಡಿಗೆ ಹೋದೆ.

"ಹೌದು ಸಾರ್, ನಿಮ್ಮತ್ತೆ ಬಂದಿದ್ರು" ಎಂದ ಪುಟ್ಟರಾಜು. "ಮೆಟ್ಲು ಹತ್ತಿದ್ದು ನೋಡ್ದೇಟ್ಗೆ ನಾನು ಬೋರ್ಡು ಒರ್ಸಕ್ಕೆ ಬಟ್ಟೆ ತಗೊಂಡೆ. ಅವ್ರು ಬೋರ್ಡು ಕಡೆ ನೋಡ್ಲೇ ಇಲ್ಲ. ಚೀಟಿ ಕೊಟ್ರು, ಎಷ್ಟು ಅಂದ್ರು, ಸೆರಗಿನ ಗಂಟು ಬಿಚ್ಚಿ ಎಣಿಸಿ ಇಟ್ರು. ನಂಗೇ ಒಂಥರಾ ಆಯ್ತು ಸಾರ್. ಅಂಗ್ಡಿ ತೆಗ್ದಾಗಿಂದ ನನ್ ಬಾಯಲ್ಲಿ ಬರ್ದೇ ಇದ್ದ ಮಾತು ಬಂತು. 'ಹತ್ತು ಪರ್ಸೆಂಟು ಬಿಟ್‌ಕೊಡ್ಲಾ ಅವ್ವ' ಅಂದೆ."

"ಏನಂದ್ರು?"

"'ಒಂದು ಕಾಸೂ ಬುಡ್‌ಬ್ಯಾಡ ಕಣಪ್ಪ' ಅಂದ್ರು. 'ನನ್ ಮಾತ್ರೆ ಆಗಿದ್ರೆ ನಿನ್ ಅಂಗ್ಡಿ ಬಾಗ್ಲು ಕಿತ್ಕ ಬರ್ತಿದ್ದೆ. ಇದು ಮಗಿಂದು. ಇವ್ನಪ್ಪ ಆಮೇಲ್ ತಗೋತೀನಿ ಅಂತ್ಲೇ ಓದ. ಇದ್ರಲ್ಲಿ ಕಮ್ಮಿ ಮಾಡುಸ್ಬಾರ್ದು' ಅಂದ್ರು."

ನನಗೆ ಗೊತ್ತಿರುವ ವಿಷಯವೇ. ಅಪ್ಪ ಹೋದ ದಿನ ಅವನ ಅಂಗಿಯ ಜೇಬಿನಲ್ಲಿ ಡಾಕ್ಟರ ಚೀಟಿ ಇತ್ತು. ಬರೆಸಿಕೊಂಡು ತಿಂಗಳಾಗಿತ್ತು. ಹೊಗೆಸೊಪ್ಪಿನ ಕೆಲಸ ಮುಗಿಯಲಿ, ಆಮೇಲೆ ತಗೊಂಡರಾಯ್ತು ಎನ್ನುತ್ತಿದ್ದ. ಆ ಜೇಬಿಗೆ ಕೈ ಹಾಕಿ ಚೀಟಿ ತೆಗೆದವಳು ಅತ್ತೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಆ ಮಾತೆತ್ತಿದವಳಲ್ಲ. ಕ್ಯಾಲೆಂಡರಿನ ಹಿಂದೆ ಅಂಥದ್ದೇ ಇನ್ನೊಂದು ಚೀಟಿ ಸಿಕ್ಕಿಸಿಟ್ಟುಕೊಂಡು, ಅವಳ ಬಾಯಿ ಮುಚ್ಚಿಸಿದೆನೆಂದು ಬೀಗಿದವನು ನಾನು. ಪುಟ್ಟರಾಜುವಿನ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಆ ಬಿಲ್ಲನ್ನು ಮತ್ತೆ ಸಣ್ಣಗೆ ಮಡಚಿ ಜೇಬಿಗಿಟ್ಟೆ. ಏನು ಬೇಕಿತ್ತು ಸಾರ್ ಎಂದು ಅವನು ಕೇಳಿದ. ಏನೂ ಇಲ್ಲ ಎಂದು ಇಳಿದು ಬಂದೆ.

ಬಿಲ್ಲಿನ ವಿಷಯ ನಾನು ಅತ್ತೆಗೆ ಹೇಳಿಲ್ಲ. ಅವಳು ಎಂದಿನಂತೆ ಹಿಂದಿನ ಬೀದಿ ಸುತ್ತಿಕೊಂಡೇ ನಮ್ಮ ಮನೆಗೆ ಬರುತ್ತಾಳೆ, ಪುಟ್ಟರಾಜುವನ್ನು ಎಂದಿನಂತೆಯೇ ಬೈಯುತ್ತಾಳೆ. ಹ್ಯಾಂಡ್‌ಪೋಸ್ಟಿನವನನ್ನು ಹದಿನೆಂಟು ಪರ್ಸೆಂಟಿಗೆ ತಂದು ನಿಲ್ಲಿಸಿದ್ದಾಳೆ, ತನ್ನ ಮಾತ್ರೆಗೆ. ಮೊನ್ನೆ ಮತ್ತೆ ಜೋಡಿ ಪರೀಕ್ಷೆ ಮಾಡಿಸಿದೆವು. ನಾನು ಇನ್ನೂರ ಹತ್ತಕ್ಕೆ ಇಳಿದಿದ್ದೆ. ಅತ್ತೆ ಚೀಟಿಯನ್ನು ಮೂರು ಸಲ ಓದಿಸಿಕೊಂಡು ಕೇಳಿ, ಎರಡು ಬೋಂಡ ಕಟ್ಟಿಸಿಕೊಂಡು ಬಸ್ಸು ಹತ್ತಿದಳು.

"ನೋಡ್ದಾ, ಭೇರ್ಯದ್ ಮಾತ್ರೆ ಎಂಗ್ ಮೈಗತ್ತದೆ!"

"ಹತ್ತಿದೆ ಅತ್ತೆ" ಎಂದೆ.

"ಅತ್ದೆ ಏನ್ಮಾಡ್ತದ್ಲಾ? ಅರ್ಧಕ್ಕರ್ಧ ಕಮ್ಮಿ ಮಾಡ್ಸಿ ತಂದಿವ್ನಿ!" ಎಂದು ಹೇಳಿ, ನನ್ನ ಮುಖ ನೋಡದೆ, ಕಿಟಕಿಯ ಕಡೆ ತಿರುಗಿಕೊಂಡು ಬೋಂಡದ ಪೊಟ್ಟಣ ಬಿಚ್ಚಿದಳು.